ಬೀಳು ಎನ್ನುವ ತಂತಿ

ಇಪ್ಪತ್ಮೂರನೆಯ ವೈರಿಂಗ್ ಪ್ರಮಾಣಪತ್ರಕ್ಕೂ ಅಣ್ಣ ಕಟ್ಟು ಹಾಕಿಸಿ ತಂದ ದಿನ, ಅವನನ್ನು ಬೀಳಿಸಲೇಬೇಕೆಂದು ತಂಗಿ ತೀರ್ಮಾನಿಸಿದಳು.

ವರ್ಕ್‌ಶಾಪಿನ ಗೋಡೆಯ ಮೇಲೆ ಅವು ಸಾಲಾಗಿ ನೇತಾಡುತ್ತಿದ್ದವು. ಒಂದು ಶಾಲೆ, ಎರಡು ಸಿನಿಮಾ ಮಂದಿರ, ಬಟ್ಟೆ ಗಿರಣಿ, ಈಜುಕೊಳ. ಪ್ರತಿಯೊಂದರಲ್ಲೂ ‘ಕೆಲಸ ಮಾಡಿದವರು’ ಎಂಬ ಸಾಲಿನ ಮುಂದೆ ಅಣ್ಣನ ಸಹಿ, ಬಾಲ ಸುತ್ತಿಕೊಂಡು ಮಲಗಿದ ಬೆಕ್ಕಿನ ಹಾಗೆ. ಆ ಕಟ್ಟಡಗಳ ಗೋಡೆಯೊಳಗೆ ತೂರಿ ಹೋದ ತಂತಿಗಳೆಲ್ಲ ಅವಳ ಕೈಯವು. ಈಜುಕೊಳದ ಪಂಪಿನ ಕೋಣೆಯಲ್ಲಿ ಮೂರು ದಿನ ಮಂಡಿಯೂರಿ ಕೂತವಳು ಅವಳು. ಕೊನೆಯ ದಿನ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಪೆನ್ನಿನ ಮುಚ್ಚಳ ತೆಗೆದವನು ಅಣ್ಣ. ಕೆಲಸದವರು ಅವನನ್ನು ಬೆನ್ನ ಹಿಂದೆ ‘ಸಹಿಯಣ್ಣ’ ಎನ್ನುತ್ತಿದ್ದರು. ಅವಳಿಗೆ ಅಡ್ಡಹೆಸರೂ ಇರಲಿಲ್ಲ. ಹೆಸರೇ ಇಲ್ಲದವಳಿಗೆ ಅಡ್ಡ ಎಲ್ಲಿಂದ, ಉದ್ದ ಎಲ್ಲಿಂದ?

“ನೆಟ್ಟಗಿದೆಯಾ ನೋಡು ಪುಟ್ಟಿ,” ಎಂದ ಅಣ್ಣ, ಸ್ಟೂಲಿನ ಮೇಲೆ ನಿಂತು.

“ಎಡಗಡೆ ಸ್ವಲ್ಪ ಇಳಿಸು.”

“ಈಗ?”

“ಈಗ ಕಟ್ಟು ನೆಟ್ಟಗಿದೆ. ಒಳಗಿರೋ ಹೆಸರು ಸೊಟ್ಟಗಿದೆ.”

ಅಣ್ಣ ನಕ್ಕುಬಿಟ್ಟ. ಕೋಪ ಮಾಡಿಕೊಂಡಿದ್ದರೆ ಅವಳು ಅವನನ್ನು ಕ್ಷಮಿಸುತ್ತಿದ್ದಳೋ ಏನೋ. “ಮತ್ತೆ ಶುರುವಾಯ್ತಾ? ನಿನ್ನ ಕೈ, ನನ್ನ ಹೆಸರು. ಒಂದೇ ಮನೆ ತಾನೇ? ಎಡಗೈ ಎಲ್ಲಾದ್ರೂ ಬಲಗೈಗೆ ಎದುರು ನಿಲ್ಲತ್ತಾ?”

“ಪಕ್ಕದಲ್ಲಿ ನನ್ನದೂ ಒಂದು ಸಹಿ ಇದ್ರೆ ನಿನ್ನ ಗಂಟೇನು ಹೋಗತ್ತೆ?”

“ಅರ್ಧ ಸಹಿ ಅಂತ ಇರಲ್ಲ ಪುಟ್ಟಿ. ಜವಾಬ್ದಾರಿ ಅಂದ್ರೆ ಒಂದೇ ಕುತ್ತಿಗೆ.”

ಅವನು ಸ್ಟೂಲಿನಿಂದ ಇಳಿದು ಬೀಗ ಕೈಗೆತ್ತಿಕೊಂಡ. ಬಾಗಿಲಲ್ಲಿ ನಿಂತು, ಅಪ್ಪ ಕೇಳುತ್ತಿದ್ದ ಹಾಗೇ, ತಿರುಗದೆಯೇ ಕೇಳಿದ. “ದೀಪ?”

“ಆರಿಸಿದೆ.”

ಅವರ ಮನೆಯಲ್ಲಿ ದಿನಕ್ಕೆ ಹತ್ತು ಸಲ ನಡೆಯುವ ಮಾತು ಅದು. ಅಪ್ಪನೂ ಕರೆಂಟಿನ ಕೆಲಸದವರೇ. ಮಕ್ಕಳಿಬ್ಬರಿಗೂ ಅವರು ಬಿಟ್ಟುಹೋದ ಆಸ್ತಿ ಒಂದು ಟೆಸ್ಟರು, ಎರಡು ಮಾತು. ನೋಡದೆ ಮುಟ್ಟಬೇಡ, ಆರಿಸದೆ ಹೊರಡಬೇಡ. ಮೊದಲನೆಯದು ಜೀವಕ್ಕೆ, ಎರಡನೆಯದು ಮರ್ಯಾದೆಗೆ. ಕರೆಂಟಿನವರ ಮನೆಯಲ್ಲೇ ಸುಮ್ಮನೆ ದೀಪ ಉರಿದರೆ ಜನ ನಗುವುದಿಲ್ಲವೇ?

*

ಅಣ್ಣನಿಗೆ ಗೊತ್ತಿಲ್ಲದ ವಿಷಯವೊಂದು ಅವಳ ಜೇಬಿನಲ್ಲಿತ್ತು. ಮೂರು ತಿಂಗಳ ಹಿಂದೆ ಅಪ್ಪನ ಹಳೆಯ ಗೆಳೆಯ, ಅವಳು ಚಿಕ್ಕಪ್ಪ ಎಂದೇ ಕರೆಯುವ ಮುದಿ ಮೇಸ್ತ್ರಿ, ಅನುಭವದ ಪತ್ರ ಬರೆದುಕೊಟ್ಟಿದ್ದರು. ಪರೀಕ್ಷೆಗೆ ಕೂತಳು, ಪಾಸಾದಳು. ಲೈಸೆನ್ಸಿನ ಕಾರ್ಡು ಅಂಚೆಯಲ್ಲಿ ಬಂದ ದಿನ ಅದರ ಮೇಲೆ ಅಚ್ಚಾದ ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದ್ದಳು. ಅಕ್ಷರಗಳು ಬಿಸಿಯಾಗಿವೆ ಅನ್ನಿಸಿತ್ತು.

ಆದರೆ ಕಾರ್ಡು ಇದ್ದ ಮಾತ್ರಕ್ಕೆ ಯಾರೂ ಕೆಲಸ ಕೊಡುವುದಿಲ್ಲ. “ಎಲ್ಲೆಲ್ಲಿ ಮಾಡಿದ್ದೀಯಮ್ಮಾ?” ಎಂದು ಕೇಳುತ್ತಾರೆ. ಇಪ್ಪತ್ಮೂರು ಕಟ್ಟಡ ಎಂದರೆ ಕಾಗದ ಎಲ್ಲಿ ಎನ್ನುತ್ತಾರೆ. ಅವಳಿಗೆ ಬೇಕಾದದ್ದು ಒಂದೇ ಒಂದು ಕಾಗದ, ಅದರ ಮೇಲೆ ಅವಳ ಸಹಿ. ಕೇಳಿದರೆ ಕೊಡದ್ದನ್ನು ಕೇಳದೆ ತೆಗೆದುಕೊಳ್ಳಬೇಕು, ಅಷ್ಟೆ. ಇದನ್ನು ಕಳ್ಳತನ ಎನ್ನುವವರು ಎನ್ನಲಿ. ಇಪ್ಪತ್ಮೂರು ಸಲ ಕದ್ದವನ ಮನೆಗೆ ಒಂದು ಸಲ ಕನ್ನ ಹಾಕಿದರೆ ಯಾವ ದೇವರು ಕೇಳುತ್ತಾನೆ?

ದಾರಿ ಆಸ್ಪತ್ರೆಯ ಹೊಸ ಕ್ಯಾಂಟೀನಿನಲ್ಲಿ ಸಿಕ್ಕಿತು.

ಅಲ್ಲಿಯ ಅಡುಗೆಮನೆ ಒಂದು ಸಣ್ಣ ಮೈದಾನದಷ್ಟಿತ್ತು. ಗೋಡೆಯುದ್ದಕ್ಕೂ ಆರು ದೊಡ್ಡ ಕರೆಂಟಿನ ಬಾಂಡಲಿಗಳು, ಮೇಲೆ ಉಕ್ಕಿನ ಚಿಮಣಿ, ಚಿಮಣಿಯೊಳಗೆ ಬೆಂಕಿ ನಂದಿಸುವ ದ್ರಾವಣದ ಕೊಳವೆಗಳು. ಎಣ್ಣೆಗೆ ಬೆಂಕಿ ಹತ್ತಿದರೆ ಬಿಸಿಗೆ ಕರಗುವ ಕೊಂಡಿಯೊಂದು ಕಡಿದು ದ್ರಾವಣ ಸುರಿಯುತ್ತದೆ. ಅದು ಕಡಿಯದಿದ್ದರೆ ಯಾರಾದರೂ ಗೋಡೆಯ ಕೆಂಪು ಹಿಡಿ ಎಳೆಯಬಹುದು. ಆದರೆ ಬೆಂಕಿ ಆರಿದ ಮೇಲೂ ಬಾಂಡಲಿ ಕಾಯುತ್ತಲೇ ಇದ್ದರೆ? ಎಣ್ಣೆ ಮತ್ತೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ದ್ರಾವಣ ಸುರಿದ ಕ್ಷಣವೇ ಬಾಂಡಲಿಗಳ ಕರೆಂಟು ಹೋಗಬೇಕು. ಅದಕ್ಕೆಂದೇ ಇರುವುದು ಶಂಟ್ ಟ್ರಿಪ್ ಬ್ರೇಕರು.

ಈ ಬ್ರೇಕರಿನ ಸ್ವಭಾವ ಅವಳಿಗೆ ಬಹಳ ಹಿಡಿಸಿತ್ತು. ಉಳಿದ ಬ್ರೇಕರುಗಳು ಹೊರೆ ಹೆಚ್ಚಾದಾಗ ತಾವಾಗಿಯೇ ಬೀಳುತ್ತವೆ. ಇದಕ್ಕೆ ಮಾತ್ರ ಯಾರಾದರೂ ‘ಬೀಳು’ ಎಂದು ಹೇಳಬಹುದು. ಹಿಡಿ ಎಳೆದಾಗಲೋ ಕೊಂಡಿ ಕಡಿದಾಗಲೋ ಹಾಗೆ ಹೇಳುವುದು ಒಳಗಿನ ಪುಟ್ಟ ಕಾಯಿಲು, ಎಂದರೆ ತಂತಿಯ ಸುರುಳಿ. ಆದರೆ ಹೇಳುವ ದನಿಗೂ ಕರೆಂಟು ಬೇಕು. ಕಾಯಿಲಿಗೆ ಹೋಗುವ ತಂತಿಯಲ್ಲಿ ಜೀವವಿಲ್ಲದಿದ್ದರೆ ಅದು ಗಂಟಲು ಕಟ್ಟಿದವರಂತೆ ಬಾಯಿ ತೆರೆದುಕೊಂಡು ಕೂತಿರುತ್ತದೆ. ಇಪ್ಪತ್ಮೂರು ಕಟ್ಟಡ ಮಾಡಿಯೂ ದನಿಯಿಲ್ಲದವಳಿಗೆ ಇದು ಅರ್ಥವಾಗದೆ ಇನ್ನಾರಿಗೆ ಅರ್ಥವಾದೀತು?

ನಕ್ಷೆ ಸರಳವಾಗಿತ್ತು. ಒಂಬತ್ತನೆಯ ನಂಬರಿನ ಸಣ್ಣ ಬ್ರೇಕರಿನಿಂದ ಕಾಯಿಲಿಗೆ ನೇರ ತಂತಿ, ನಡುವೆ ಕೈಯಿಂದ ಆರಿಸುವ ಯಾವ ಸ್ವಿಚ್ಚೂ ಇರಕೂಡದು. ಅವಳು ಆ ತಂತಿಯನ್ನು ಒಂದು ಸುತ್ತು ಹೊಡೆಸಿದಳು. ಅಡುಗೆಮನೆಯ ಮೂಲೆಯಲ್ಲಿ ಒಂದು ಉಗ್ರಾಣವಿತ್ತು. ಕಿಟಕಿಯಿಲ್ಲ, ಬಾಗಿಲಲ್ಲಿ ಊಟದ ತಟ್ಟೆಯಷ್ಟು ಅಗಲದ ದುಂಡು ಗಾಜು, ಒಳಗೆ ಒಂದು ದೀಪ. ಹಲಗೆ ಚಾವಣಿಯ ಮೇಲಿಂದ ತಂತಿ ಆ ಉಗ್ರಾಣದ ಸ್ವಿಚ್ಚಿಗೆ ಇಳಿದು, ಸ್ವಿಚ್ಚನ್ನು ದಾಟಿ, ದೀಪಕ್ಕೊಂದು ಕವಲು ಕೊಟ್ಟು, ಮತ್ತೆ ಮೇಲೇರಿ ಕಾಯಿಲನ್ನು ಸೇರಿತು. ಉಗ್ರಾಣದ ದೀಪ ಉರಿಯುತ್ತಿದ್ದರೆ ಕಾಯಿಲಿಗೆ ದನಿಯಿದೆ. ಆರಿದ್ದರೆ ಮೂಕ.

ಒಂದು ತಂತಿ ಕತ್ತರಿಸಿಲ್ಲ, ಒಂದು ಸ್ಕ್ರೂ ಸಡಿಲಿಸಿಲ್ಲ. ಕೆಡಿಸಿದ್ದನ್ನು ಯಾರಾದರೂ ಹುಡುಕಬಹುದು. ಸರಿಯಾಗಿಯೇ ಇರುವುದನ್ನು ಹುಡುಕುವುದು ಹೇಗೆ?

ಮುಂದಿನದೂ ಅವಳ ಕಣ್ಣಿಗೆ ಕಟ್ಟಿತ್ತು. ತಪಾಸಣೆಯ ದಿನ ದೀಪ ಆರಿರುತ್ತದೆ. ಹಿಡಿ ಎಳೆಯುತ್ತಾರೆ, ಬ್ರೇಕರು ಬೀಳುವುದಿಲ್ಲ, ಎಲ್ಲರೆದುರು ಅಣ್ಣನ ಸಹಿ ಬೀಳುತ್ತದೆ. ಆಗ ಮೂಲೆಯಿಂದ ಅವಳು ಮುಂದೆ ಬರುತ್ತಾಳೆ. ಚೀಲ ತರುವ ನೆಪದಲ್ಲಿ ಉಗ್ರಾಣಕ್ಕೆ ಹೋಗಿ ದೀಪ ಹಾಕುತ್ತಾಳೆ. ಬ್ರೇಕರುಗಳ ಪ್ಯಾನೆಲು ತೆರೆದು, ಮೊದಲೇ ಬಿಗಿಯಾಗಿರುವ ಸ್ಕ್ರೂ ಒಂದನ್ನು ಬಿಗಿ ಮಾಡಿದಂತೆ ಮಾಡುತ್ತಾಳೆ. ಕಾರ್ಡು ತೋರಿಸುತ್ತಾಳೆ, ಸಹಿ ಹಾಕುತ್ತಾಳೆ. ಹಿಡಿ ಎಳೆಯುತ್ತಾರೆ, ಟಕ್! ಮುಂದಿನ ವಾರ ಯಾವುದೋ ನೆಪ ಹೇಳಿ ಬಂದು ತಂತಿಯನ್ನು ನೇರ ಮಾಡಿಬಿಡುತ್ತಾಳೆ. ಅಷ್ಟರವರೆಗೆ ಅಲ್ಲಿ ಒಂದು ಹನಿ ಎಣ್ಣೆಯೂ ಕಾಯುವುದಿಲ್ಲ, ಯಾರ ಕೂದಲೂ ಕೊಂಕುವುದಿಲ್ಲ. ಬೆಂಕಿಯ ರಕ್ಷಣೆಯ ತಂತಿಯಲ್ಲಿ ಕೈಯಾಡಿಸಿದವರಿಗೆ ಜೈಲು ಎಂದು ಕಾರ್ಡಿನ ಹಿಂಬದಿಯಲ್ಲೇ ಅಚ್ಚಾಗಿತ್ತು. ಅವಳು ಅದನ್ನು ಓದಿದ್ದಳು. ಓದಿ ಕಾರ್ಡನ್ನು ಮಗುಚಿ ಹೆಸರಿನ ಬದಿಯನ್ನೇ ನೋಡಿದ್ದಳು.

ಚಾವಣಿಯ ಮೇಲೆ ಹೊಟ್ಟೆಯೂರಿ ತೆವಳುವಾಗ ಅಜ್ಜಿಯ ಕತೆಯೊಂದು ನೆನಪಾಗಿ ಅವಳಿಗೆ ನಗು ಬಂತು. ಒಂದಾನೊಂದು ಊರಿನಲ್ಲಿ ಒಬ್ಬ ಕಳ್ಳನಂತೆ. ಗಾಳಿಗಿಂತ ಹಗುರವಾಗಿ ನಡೆಯುವವನು, ನಾಯಿ ಕೂಡ ಬೊಗಳುತ್ತಿರಲಿಲ್ಲ. ಶ್ರೀಮಂತನ ಮನೆಗೆ ನುಗ್ಗಿದ, ಸದ್ದಿಲ್ಲದೆ ಪೆಟ್ಟಿಗೆ ತೆಗೆದ, ಆದರೂ ಸಿಕ್ಕಿಬಿದ್ದ. ‘ಹೇಗಜ್ಜಿ?’ ಎಂದು ಇವಳು ಕೇಳಬೇಕು. ‘ಹೇಗೆ ಅಂದ್ರೆ, ಒಳಗೆ ಹೋಗೋ ಮುಂಚೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೋಗಿದ್ದ ಕಣೇ. ತಾಯಿ ಚೆನ್ನಾಗಿ ಬೆಳೆಸಿದ್ಲು, ಪಾಪ!’

ಎಂಥ ಪೆದ್ದ, ಎಂದುಕೊಂಡಳು ಅವಳು. ತಂತಿಯನ್ನು ಅಂದವಾಗಿ ಕಟ್ಟಿ, ಕೆಳಗಿಳಿದು, ಉಗ್ರಾಣದ ದೀಪ ಆರಿಸಿ ಹೊರಬಂದಳು.

*

ತಪಾಸಣೆಗೆ ಎರಡು ದಿನ ಮೊದಲು ಅಣ್ಣ ತಾನೇ ಒಮ್ಮೆ ನೋಡಲು ಬಂದ. ಅವಳು ಉಗ್ರಾಣದಲ್ಲಿ ದೀಪ ಹಾಕಿಕೊಂಡು ಉಳಿದ ತಂತಿ ಸುತ್ತುತ್ತ ಕೂತಳು. ಹೊರಗೆ ಅಣ್ಣ ದ್ರಾವಣದ ಸಿಲಿಂಡರನ್ನು ಕಳಚಿಟ್ಟು ಹಿಡಿ ಎಳೆದ. ಟಕ್ಕೆಂದು ಬ್ರೇಕರು ಬಿತ್ತು.

“ಭೇಷ್!” ಎಂದು ಕೂಗಿದ. “ಕೇಳಿಸ್ತಾ ಪುಟ್ಟಿ? ಮಾವಿನಕಾಯಿ ಬಿದ್ದ ಹಾಗೆ ಬಿತ್ತು.”

“ಕೇಳಿಸ್ತು.”

“ಸಹಿ ಮಾಡಿಬಿಡ್ತೀನಿ.”

“ಮಾಡು. ಅದಕ್ಕೇ ತಾನೇ ನೀನಿರೋದು.”

ಅವನು ಗೋಡೆಗೆ ಕಾಗದ ಒತ್ತಿ ಬೆಕ್ಕನ್ನು ಮಲಗಿಸುವುದನ್ನು ಅವಳು ದುಂಡು ಗಾಜಿನಿಂದ ನೋಡಿದಳು.

*

ತಪಾಸಣೆ ಬೆಳಿಗ್ಗೆ ಹತ್ತಕ್ಕೆ. ಬಂದ ಅಧಿಕಾರಿ ಕನ್ನಡಕದ ಮೇಲಿನಿಂದಲೇ ಜಗತ್ತನ್ನು ನೋಡುವ ಹೆಂಗಸು. ಪೆನ್ಸಿಲನ್ನು ಜಡೆಗೆ ಸಿಕ್ಕಿಸಿಕೊಂಡಿದ್ದಳು. ಕ್ಯಾಂಟೀನಿನ ಮುಖ್ಯ ಅಡುಗೆಯವನನ್ನು ಎಲ್ಲರೂ ‘ದೊಡ್ಡ ಸೌಟು’ ಎನ್ನುತ್ತಿದ್ದರು. ಅವನು ಬೆಳಿಗ್ಗೆಯಿಂದ ಚಡಪಡಿಸುತ್ತಿದ್ದ.

“ಇವತ್ತು ಪಾಸ್ ಮಾಡಿಬಿಡಿ ಮೇಡಂ. ಸೋಮವಾರದಿಂದ ರೋಗಿಗಳಿಗೆಲ್ಲ ಇಲ್ಲಿಂದಲೇ ಊಟ.”

“ಅವರು ರೋಗಿಗಳಾಗೇ ಇರಲಿ, ಸುಟ್ಟ ಗಾಯದವರು ಆಗೋದು ಬೇಡ,” ಎಂದಳು ಅಧಿಕಾರಿ.

ಎಣ್ಣೆಯ ಬದಲು ನೀರು ತುಂಬಿಸಿ ಆರೂ ಬಾಂಡಲಿಗಳನ್ನು ಕಾಯಿಸಲಾಯಿತು. ದ್ರಾವಣದ ಸಿಲಿಂಡರನ್ನು ಕಳಚಿ ಬದಿಗಿಟ್ಟರು. ಬಾಂಡಲಿಗೊಂದರಂತೆ ಆರು ಕೆಂಪು ದೀಪಗಳು ಸಾಲಾಗಿ ಉರಿಯುತ್ತಿದ್ದವು. ಅವು ಆರಿದರೆ ಪಾಸು.

ಅಷ್ಟರಲ್ಲಿ ಅವಳು ಮೂಲೆಯ ಕಡೆ ನೋಡಿದಳು. ಉಗ್ರಾಣದ ದುಂಡು ಗಾಜಿನಲ್ಲಿ ಹಳದಿ ಬೆಳಕು. ದೊಡ್ಡ ಸೌಟು ಹಲಗೆಗಳ ಅಳತೆ ನೋಡಲು ಹೋಗಿದ್ದವನು ದೀಪ ಹಾಗೇ ಬಿಟ್ಟು ಬಂದಿದ್ದ. ಅಧಿಕಾರಿ ಹಿಡಿಯ ಹತ್ತಿರ ಹೋಗುತ್ತಿದ್ದಳು. ತಂಗಿ ಓಡಲಿಲ್ಲ. ತನ್ನ ಚೀಲವನ್ನು ಉಗ್ರಾಣದೊಳಗೆ ಇಡುವ ನೆಪದಲ್ಲಿ ನಡೆದು ಹೋದಳು. ಇಟ್ಟು ಹಿಂತಿರುಗುವಾಗ, ಅವಳು ಯೋಚಿಸುವ ಮೊದಲೇ, ಕೈ ತಾನಾಗಿ ಸ್ವಿಚ್ಚಿನ ಮೇಲೆ ಹೋಗಿ ಬಂದಿತ್ತು. ಗಾಜು ಕಪ್ಪಾಯಿತು.

“ಏನಮ್ಮಾ, ನಾನು ಮರೆತೆ ನೋಡು,” ಎಂದ ದೊಡ್ಡ ಸೌಟು.

“ಕರೆಂಟಿನವರ ಕಣ್ಣಿಗೆ ಬಿದ್ದ ಮೇಲೆ ಮುಗೀತು,” ಎಂದು ಅಣ್ಣ ಹೆಮ್ಮೆಯಿಂದ ನಕ್ಕ. “ನಮ್ಮನೇಲಿ ದೀಪ ಉರಿಯೋಕೆ ಬಿಟ್ಟು ಎದ್ದವರಿಗೆ ಊಟ ಇರ್ತಿರಲಿಲ್ಲ.”

ಈ ಕೈಗಳು ನನ್ನ ಕಡೆ ಇವೆ, ಎಂದುಕೊಂಡಳು ಅವಳು. ಇಷ್ಟು ವರ್ಷ ಅವನಿಗಾಗಿ ದುಡಿದವು, ಇವತ್ತು ನನಗಾಗಿ.

ಅಧಿಕಾರಿ ಹಿಡಿ ಎಳೆದಳು. ಚಿಮಣಿಯೊಳಗೆ ಉಕ್ಕಿನ ಎಳೆ ಸರಕ್ಕೆಂದಿತು. ಎಲ್ಲರೂ ಕಾದರು. ಆರು ಕೆಂಪು ದೀಪಗಳು ಉರಿಯುತ್ತಲೇ ಇದ್ದವು. ಬಾಂಡಲಿಯೊಂದರಲ್ಲಿ ನೀರು ಗುಳುಗುಳು ಎಂದು ನಕ್ಕಿತು.

“ಬೀಳಲಿಲ್ಲ,” ಎಂದಳು ಅಧಿಕಾರಿ.

“ಮೊನ್ನೆ ಬಿತ್ತು ಮೇಡಂ! ನಾನೇ ನೋಡಿದ್ದೀನಿ!” ಅಣ್ಣನ ದನಿ ಒಡೆದಿತ್ತು. ಇಸ್ತ್ರಿ ಅಂಗಿಯ ಬೆನ್ನಿನಲ್ಲಿ ಬೆವರಿನ ನಕ್ಷೆ ಮೂಡುತ್ತಿತ್ತು.

“ಬೆಂಕಿ ಮೊನ್ನೆಯ ದಿನ ನೋಡಿಕೊಂಡು ಬರಲ್ಲ. ಈ ಸಹಿ ನಿಮ್ಮದೇ ತಾನೇ? ಏನು ತಪ್ಪಾಗಿದೆ ಹೇಳಿ.”

ಅಣ್ಣ ಪ್ಯಾನೆಲಿನ ಕಡೆ ನೋಡಿದ. ಅಪರಿಚಿತರ ಮನೆಯ ಬಾಗಿಲು ತಟ್ಟಲು ಹೆದರುವವನ ಹಾಗೆ ನೋಡಿದ. ಆ ನೋಟಕ್ಕಾಗಿ ಅವಳು ಹನ್ನೊಂದು ವರ್ಷ ಕಾದಿದ್ದಳು. ಮೂಲೆಯಿಂದ ಮುಂದೆ ಬಂದಳು.

“ಅವರಿಗೆ ಗೊತ್ತಿರಲ್ಲ ಮೇಡಂ,” ಎಂದಳು. “ಕೆಲಸ ಮಾಡಿದ್ದು ನಾನು.”

“ಪುಟ್ಟೀ...”

“ಈ ಕಟ್ಟಡ ಅಷ್ಟೇ ಅಲ್ಲ. ಇಪ್ಪತ್ಮೂರೂ ನಾನೇ. ಇದು ನನ್ನ ಕಾರ್ಡು.” ಜೇಬಿನಿಂದ ತೆಗೆದು ಚಾಚಿದಳು. ಅಣ್ಣನ ಕಣ್ಣು ಕಾರ್ಡಿನ ಮೇಲಿನ ಹೆಸರನ್ನು ಎರಡು ಸಲ ಓದಿತು. “ಹತ್ತು ನಿಮಿಷ ಕೊಡಿ. ನನ್ನ ಸಹಿಯ ಮೇಲೆ ಮತ್ತೆ ಪರೀಕ್ಷೆ ಮಾಡಿ.”

ಅಧಿಕಾರಿ ಕನ್ನಡಕ ಏರಿಸಿ ಅವಳನ್ನು ಮೊದಲ ಸಲ ಪೂರ್ತಿಯಾಗಿ ನೋಡಿದಳು. “ನಿಯಮ ಗೊತ್ತಲ್ವಾ? ಎರಡನೇ ಸಲವೂ ಬೀಳದಿದ್ರೆ ಕಾರ್ಡು ನಾನು ತಗೊಂಡು ಹೋಗ್ತೀನಿ. ಚಾವಣಿ ಬಿಚ್ಚಿಸಿ ಒಂದೊಂದು ತಂತಿಯನ್ನೂ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನೋಡ್ತೀವಿ.”

“ಗೊತ್ತು.”

“ಹೊಸ ಕಾರ್ಡು. ಯೋಚನೆ ಮಾಡಮ್ಮಾ.”

“ಯೋಚನೆ ಮಾಡೋದು ಮುಗಿದಿದೆ ಮೇಡಂ.”

ಹೊಸ ಹಾಳೆ ಬಂತು. ‘ಕೆಲಸ ಮಾಡಿದವರು’ ಎಂಬ ಸಾಲಿನ ಮುಂದೆ ಅವಳು ತನ್ನ ಪೂರ್ತಿ ಹೆಸರನ್ನು, ಒಂದಕ್ಷರವನ್ನೂ ಮೊಟಕು ಮಾಡದೆ, ಶಾಲೆಯ ಮಗುವಿನಂತೆ ದುಂಡಗೆ ಬರೆದಳು. ಅಲ್ಲಿ ಬೆಕ್ಕು ಮಲಗಲಿಲ್ಲ. ಅಲ್ಲಿ ಒಬ್ಬಳು ಹೆಂಗಸು ನೆಟ್ಟಗೆ ನಿಂತಿದ್ದಳು.

ಆಮೇಲೆ ಚೀಲ ತರಲು ಉಗ್ರಾಣಕ್ಕೆ ಹೋದಳು. ಸ್ವಿಚ್ಚು ಒತ್ತಿದಳು; ದೀಪ ಹತ್ತಿತು. ಕಾಯಿಲಿಗೆ ದನಿ ಬಂತು. ಎಷ್ಟು ಸುಲಭ! ಕಣ್ಣ ಮುಂದೆ ತನ್ನದೇ ಬೋರ್ಡು, ತನ್ನದೇ ಗೋಡೆ, ಅದರ ಮೇಲೆ ಮೊದಲನೆಯ ಕಟ್ಟು ತೂಗುತ್ತಿತ್ತು. ಯಾವ ಬಣ್ಣದ ಕಟ್ಟು? ನೀಲಿ, ಎಂದುಕೊಂಡಳು. ಚೀಲವನ್ನು ಬಲಗೈಗೆ ತೆಗೆದುಕೊಂಡು, ಆ ನೀಲಿಯನ್ನೇ ನೋಡುತ್ತ ಹೊರಗೆ ಬಂದಳು. ಬಾಗಿಲ ಹತ್ತಿರ ಅಣ್ಣ ತಲೆ ತಗ್ಗಿಸಿಕೊಂಡೇ ಏನೋ ಕೇಳಿದ, ಇವಳು ಏನೋ ಹೇಳಿದಳು. ಎರಡೂ ಅವಳ ಮನಸ್ಸಿನಲ್ಲಿ ನಿಲ್ಲಲಿಲ್ಲ.

ಪ್ಯಾನೆಲಿನ ಮುಚ್ಚಳ ತೆರೆದು ಕಾಯಿಲಿನ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟಳು. ಕಲ್ಲಿನಂತೆ ಬಿಗಿಯಾಗಿದ್ದದ್ದನ್ನು ಹಲ್ಲು ಕಚ್ಚಿ ತಿರುಗಿಸಿದಂತೆ ಮಾಡಿ, “ಇದೇ ನೋಡಿ, ಸಡಿಲ ಇತ್ತು,” ಎಂದಳು.

“ಮೀಟರ್ ಇಟ್ಟು ನೋಡಲ್ವಾ?” ಎಂದಳು ಅಧಿಕಾರಿ.

“ಬೇಕಿಲ್ಲ.”

“ಒಂದು ಸಲ ಇಡು ಪುಟ್ಟಿ,” ಎಂದ ಅಣ್ಣ. ಅವನ ದನಿಯಲ್ಲಿ ಕೋಪವಿರಲಿಲ್ಲ. ಅದು ಚಿಕ್ಕವಳಾಗಿದ್ದಾಗ ಸೈಕಲ್ಲಿನ ಹಿಂದೆ ಓಡಿಬರುತ್ತಿದ್ದ ದನಿ. “ನೋಡದೆ ಮುಟ್ಟಬೇಡ ಅಂತ ಅಪ್ಪ...”

“ಅಪ್ಪನ ಮಾತು ನನಗೆ ಹೇಳಿಕೊಡಬೇಡ. ಅವರ ಟೆಸ್ಟರು ಹಿಡಿದವಳು ನಾನು, ನೀನಲ್ಲ. ನನ್ನ ಕೆಲಸ ನನಗೆ ಗೊತ್ತು.” ಪ್ಯಾನೆಲಿನ ಮುಚ್ಚಳವನ್ನು ಧಡಾರನೆ ಹಾಕಿದಳು. “ಎಳೀರಿ ಮೇಡಂ.”

ಅಧಿಕಾರಿ ಹಿಡಿ ಎಳೆದಳು. ಚಿಮಣಿಯೊಳಗೆ ಉಕ್ಕಿನ ಎಳೆ ಸರಕ್ಕೆಂದಿತು. ತನ್ನ ಹೆಸರಿಗೆ ಬೀಳುವ ಆ ಮೊದಲ ಸದ್ದನ್ನು ಕಿವಿ ತುಂಬಿಕೊಳ್ಳಲು ಅವಳು ಕಣ್ಣು ಮುಚ್ಚಿದಳು.

ನೀರು ಗುಳುಗುಳು ಎನ್ನುತ್ತಲೇ ಇತ್ತು. ಕಣ್ಣು ತೆರೆದಾಗ ಆರು ಕೆಂಪು ದೀಪಗಳು ಉರಿಯುತ್ತಿದ್ದವು. ಅಧಿಕಾರಿ ಜಡೆಯಿಂದ ಪೆನ್ಸಿಲ್ ತೆಗೆದು, ಏಣಿ ತರಿಸಿ, ಚಾವಣಿ ಬಿಚ್ಚಿ ಎಂದು ಯಾರಿಗೋ ಹೇಳುತ್ತ ಕಾರ್ಡಿಗಾಗಿ ಕೈ ಚಾಚಿದಳು. ತಂಗಿ ತಲೆ ತಗ್ಗಿಸಲಿಲ್ಲ. ಗಲ್ಲ ಎತ್ತಿಯೇ ಕಾರ್ಡು ಕೊಟ್ಟಳು, ಗಲ್ಲ ಎತ್ತಿಯೇ ಉಗ್ರಾಣದ ಕಡೆ ತಿರುಗಿದಳು. ದುಂಡು ಗಾಜು ಕಾಡಿಗೆಯಷ್ಟು ಕಪ್ಪಾಗಿತ್ತು. ಅವಳ ಎಡಗೈ ಬೆರಳಿನ ತುದಿಯಲ್ಲಿ ಸ್ವಿಚ್ಚಿನ ತಂಪು ಇನ್ನೂ ಇತ್ತು. ಬಲಗೈಯಲ್ಲಿ ಚೀಲ ಹಿಡಿದು ಹೊರಬರುವಾಗ ಬಾಗಿಲಲ್ಲಿ ಅಣ್ಣ ಕೇಳಿದ್ದೇನು, ತಾನು ಹೇಳಿದ್ದೇನು ಎಂಬುದು ಆಗ ನೆನಪಾಯಿತು. ಅವನು ತಿರುಗದೆಯೇ ಕೇಳಿದ್ದ, “ದೀಪ?” ಅವಳು ಹೇಳಿದ್ದಳು, “ಆರಿಸಿದೆ.”